ದೋಣಿ ತಳಕ್ಕೆ ಫೈಬರ್ ಕಿಟ್: ಯಾವ ದೋಣಿಗೆ ಸಾಕು, ಯಾವುದಕ್ಕೆ ಸಾಲದು

ಒಂದು ಕೆ.ಜಿ. ಪಾಲಿಯೆಸ್ಟರ್ ರೆಸಿನ್, ಪುಟ್ಟ ಬಾಟಲಿಯಲ್ಲಿ ಹಾರ್ಡ್ನರ್, ಇನ್ನೊಂದರಲ್ಲಿ ಆಕ್ಸಲರೇಟರ್, ಒಂದು ಚದರ ಮೀಟರ್ ಮ್ಯಾಟ್ (ಗಾಜಿನ ಎಳೆಗಳ ಹಾಸು), ಒಂದು ಬ್ರಶ್ಶು. ಹಾರ್ಡ್‌ವೇರ್ ಅಂಗಡಿಯಲ್ಲೂ ಆನ್‌ಲೈನ್‌ನಲ್ಲೂ ಫೈಬರ್ ಕಿಟ್ ಅಂತ ಸಿಗುವುದು ಇಷ್ಟೇ. ಡಬ್ಬಿಯ ಮೇಲಿನ ಹೆಸರು ಬೇರೆ ಬೇರೆಯಾದರೂ ಒಳಗಿನ ಸಾಮಾನು ಹೆಚ್ಚುಕಮ್ಮಿ ಒಂದೇ. ಶರಾವತಿ ಹಿನ್ನೀರಿನಲ್ಲಿ ಹಗಲಿಡೀ ಓಡಾಡಿ ಸಂಜೆ ದಡಕ್ಕೆ ಎಳೆದಿಡುವ ದೋಣಿಗೆ, ತೆಪ್ಪಕ್ಕೆ ಈ ಕಿಟ್ ಧಾರಾಳವಾಯಿತು. ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಮೇಲೆ ಮಾಡು ಹಾಕಿ, ಒಲೆ, ಹಾಸಿಗೆ ಇಟ್ಟುಕೊಂಡು ವಾರಗಟ್ಟಲೆ ನೀರಿನ ಮೇಲೇ ಇರುವ ದೋಣಿಯ ತಳಕ್ಕೆ ಇದನ್ನು ನೆಚ್ಚಿಕೊಳ್ಳಬೇಡಿ. ಅಲ್ಲಿಗೆ ಎಪಾಕ್ಸಿ ಎಂಬ ಇನ್ನೊಂದು ಬಗೆಯ ರೆಸಿನ್ನೇ ಬೇಕು. ಕೌಂಟರಿನಲ್ಲಿ ಎರಡನ್ನೂ ‘ಫೈಬರ್ ಅಂಟು’ ಅಂತಲೇ ಕೊಡುವುದರಿಂದ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿದೆ.

ಮೊದಲು, ನಮ್ಮ ಕಡೆ ದೋಣಿ ತಳ ಹಾಳಾಗುವುದು ಹೇಗೆ ಅನ್ನುವುದು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ನೀರು ನಿಂತಾಗ ಊರಿನ ಜೊತೆ ಕಾಡೂ ಮುಳುಗಿತು. ಪೂರ್ಣ ಮಟ್ಟ 1819 ಅಡಿ ಮುಟ್ಟಿದಾಗ ನೀರಿನಡಿ ಏನಿದೆಯೋ ಗೊತ್ತೇ ಆಗುವುದಿಲ್ಲ. ಬೇಸಿಗೆಯಲ್ಲಿ ನೀರು ಇಳಿಯುತ್ತಾ ಬಂದಂತೆ ಮೋಟುಮರಗಳ ತಲೆ ನೀರಿನ ಮಟ್ಟಕ್ಕಿಂತ ಅರ್ಧ ಅಡಿ, ಒಂದಡಿ ಕೆಳಗೆ ಬಂದು ನಿಲ್ಲುತ್ತದೆ. ಮಡೆನೂರಿನ ಹಳೇ ಹಿರೇಭಾಸ್ಕರ ಅಣೆಕಟ್ಟು ಕಾಣಿಸತೊಡಗಿತು ಅಂದರೆ ಮೋಟುಗಳೂ ಮೇಲೆ ಬಂದಿವೆ ಅಂತಲೇ ಲೆಕ್ಕ. ತಳ ತೂತಾಗುವುದು ಆಗ. ಎರಡನೆಯ ಶತ್ರು ಜಂಬಿಟ್ಟಿಗೆ ದಡ. ತುಂಬಿದ ದೋಣಿಯನ್ನು ಅದರ ಮೇಲೆ ಎಳೆದರೆ ನಡುಗೀಟಿನುದ್ದಕ್ಕೂ ಜೆಲ್‌ಕೋಟ್, ಅಂದರೆ ಹೊರಮೈಯ ನುಣುಪು ಪದರ, ಸವೆದು ಫೈಬರ್ ಎಳೆ ಹೊರಗೆ ಬೀಳುತ್ತದೆ. ದೋಣಿಯ ಕೆಳಗೆ ಎರಡು ಅಡಿಕೆ ಮರದ ತುಂಡು ಕೊಟ್ಟು ಉರುಳಿಸಿದರೆ ಈ ರಿಪೇರಿಯೇ ಬರುವುದಿಲ್ಲ.

ಮೂರನೆಯದು ಕಣ್ಣಿಗೆ ತಡವಾಗಿ ಕಾಣುವಂಥದ್ದು, ನೀರಿನ ಮೇಲೇ ಇರುವ ದೋಣಿಯ ರೋಗ. ಸದಾ ನೆನೆಯುವ ತಳದಲ್ಲಿ ನೀರು ಜೆಲ್‌ಕೋಟ್ ದಾಟಿ ನಿಧಾನಕ್ಕೆ ಒಳಗಿಳಿಯುತ್ತದೆ. ರೆಸಿನ್‌ನಲ್ಲಿ ಸರಿಯಾಗಿ ಗಟ್ಟಿಯಾಗದೆ ಉಳಿದ ಅಂಶಗಳ ಜೊತೆ ಸೇರಿ ಅಲ್ಲಲ್ಲಿ ಗುಳ್ಳೆ ಎಬ್ಬಿಸುತ್ತದೆ. ಗುಳ್ಳೆ ಒಡೆದರೆ ಹುಳಿ ವಾಸನೆಯ ಅಂಟು ದ್ರವ ಬರುತ್ತದೆ. ಸಮುದ್ರದ ಉಪ್ಪುನೀರಿಗಿಂತ ಸಿಹಿನೀರಿನಲ್ಲಿ ಇದು ಬೇಗ ಆಗುತ್ತದೆ. ಕರಾವಳಿಯಲ್ಲಿ ಚೆನ್ನಾಗಿ ಬಾಳಿದ ದೋಣಿ ಎಂಬ ಮಾತಿನ ಮೇಲೆ ಹಳೆಯದನ್ನು ಕೊಂಡು ಶರಾವತಿಗೋ ಭದ್ರಾ ಹಿನ್ನೀರಿಗೋ ಇಳಿಸುವವರು ಇದನ್ನು ನೆನಪಿಡಬೇಕು.

ಈಗ ಕಿಟ್‌ನ ಲೆಕ್ಕ. ಮ್ಯಾಟ್ 450 ಗ್ರಾಮಿನದು ಅಂದರೆ ಒಂದು ಚದರ ಮೀಟರಿಗೆ 450 ಗ್ರಾಂ ತೂಕ. ಅದನ್ನು ಪೂರ್ತಿ ನೆನೆಸಲು ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್ ಬೇಕು, ಅಂದರೆ 900ರಿಂದ 1,125 ಗ್ರಾಂ. ಕಿಟ್‌ನಲ್ಲಿರುವುದು ಒಂದು ಕೆ.ಜಿ. ಮೊದಲು ಬಳಿಯುವ ಕೋಟು, ಬ್ರಶ್ಶಿಗೆ, ಡಬ್ಬಿಗೆ ಅಂಟಿ ಹೋಗುವುದು ಎಲ್ಲ ಕಳೆದರೆ ಮ್ಯಾಟ್ ಉಳಿಯುತ್ತದೆ, ರೆಸಿನ್ ಮುಗಿದಿರುತ್ತದೆ. ಹಾಗಂತ ಇದು ದೊಡ್ಡ ದೋಷವಲ್ಲ. 10 ಸೆಂ.ಮೀ. ಅಗಲದ ಒಂದು ತೂತಿಗೆ ಎಷ್ಟು ಬೇಕು ನೋಡಿ: ತಳದ ದಪ್ಪ 5 ಮಿ.ಮೀ. ಇದ್ದರೆ ತೇಪೆ ಕೂರಲು ಅಂಚನ್ನು ಇಳಿಜಾರಾಗಿ ಉಜ್ಜುವುದು ದಪ್ಪದ 12 ಪಟ್ಟು, ಅಂದರೆ ತೂತಿನ ಅಂಚಿನಿಂದ ಸುತ್ತಲೂ 6 ಸೆಂ.ಮೀ. ತೇಪೆಯ ಅಗಲ 22 ಸೆಂ.ಮೀ. ಆಯಿತು. 450ರ ಮ್ಯಾಟ್ ಒಂದು ಪದರ ಗಟ್ಟಿಯಾದ ಮೇಲೆ ಸುಮಾರು 1 ಮಿ.ಮೀ. ಬರುತ್ತದೆ, ಹಾಗಾಗಿ ಐದು ಪದರ. ಒಂದಕ್ಕಿಂತ ಒಂದು ಚಿಕ್ಕದಾಗಿ ಕತ್ತರಿಸಿದ ಐದೂ ತುಂಡು ಸೇರಿ ಮ್ಯಾಟ್ 55 ಗ್ರಾಂ ಒಳಗೇ, ರೆಸಿನ್ 140 ಗ್ರಾಂ. ಪೋಲಾಗುವುದೂ ಸೇರಿ 200 ಗ್ರಾಂ ಇಟ್ಟುಕೊಂಡರೂ ಒಂದು ಕಿಟ್‌ನಲ್ಲಿ ಇಂಥ ನಾಲ್ಕೈದು ತೂತು ಮುಚ್ಚಬಹುದು.

ಕಿಟ್‌ನ ನಿಜವಾದ ಕೊರತೆ ಬೇರೆ: ಎರಡು ಬಾಟಲಿಗಳಿಗೂ ಅಳೆಯುವ ಸಾಧನವಿಲ್ಲ. ‘ಒಂದು ಮುಚ್ಚಳ ಹಾಕಿ’ ಎಂಬ ಸೂಚನೆಯನ್ನು ನಂಬಿದವರ ಕೆಲಸ ಒಂದೋ ಕೈಯಲ್ಲೇ ಹೊಗೆಯಾಡುತ್ತದೆ, ಇಲ್ಲವೋ ವಾರ ಕಳೆದರೂ ಬೆಲ್ಲದ ಪಾಕದ ಹಾಗೆ ಅಂಟಂಟಾಗಿಯೇ ಇರುತ್ತದೆ. ಮೆಡಿಕಲ್ ಸ್ಟೋರಿನಿಂದ ಸೂಜಿಯಿಲ್ಲದ 5 ಮಿ.ಲೀ. ಸಿರಿಂಜು ಎರಡು ತನ್ನಿ, ಒಂದಕ್ಕೆ ಕೆಂಪು ಟೇಪು ಸುತ್ತಿ. ಒಂದು ಹಾರ್ಡ್ನರಿಗೆ, ಇನ್ನೊಂದು ಆಕ್ಸಲರೇಟರಿಗೆ, ಎಂದಿಗೂ ಅದಲುಬದಲು ಕೂಡದು. 200 ಗ್ರಾಂ ರೆಸಿನ್‌ಗೆ ಆಕ್ಸಲರೇಟರ್ ಸಾಮಾನ್ಯವಾಗಿ ಶೇ. 1 ಅಂದರೆ 2 ಗ್ರಾಂ, ಹಾರ್ಡ್ನರ್ ಶೇ. 2 ಅಂದರೆ 4 ಗ್ರಾಂ. ಹಾರ್ಡ್ನರ್ ನೀರಿಗಿಂತ ಸ್ವಲ್ಪ ತೂಕದ್ದು, ಸಿರಿಂಜಿನಲ್ಲಿ ಮೂರೂವರೆ ಮಿ.ಲೀ. ಎಳೆದರೆ ಸರಿಹೋಗುತ್ತದೆ. ಆಕ್ಸಲರೇಟರ್ ಒಂದೊಂದು ಕಂಪನಿಯದು ಒಂದೊಂದು ಸಾಂದ್ರತೆ, ಆದ್ದರಿಂದ ಅದಕ್ಕೆ ಡಬ್ಬಿಯ ಮೇಲಿನ ಪ್ರಮಾಣವೇ ಪ್ರಮಾಣ. ಮಾರ್ಚ್, ಏಪ್ರಿಲ್‌ನ ಮಧ್ಯಾಹ್ನದ ಬಿಸಿಲಿಗೆ ಹಾರ್ಡ್ನರ್ ಶೇ. 1ಕ್ಕೆ ಇಳಿಸಿ. ಅದಕ್ಕೂ ಕಡಿಮೆ ಮಾಡಿದರೆ ರೆಸಿನ್ ಒಳಗೆ ಎಂದೂ ಪೂರ್ತಿ ಗಟ್ಟಿಯಾಗದು. ಮೇಲೆ ಹೇಳಿದ ಗುಳ್ಳೆರೋಗದ ಬೀಜವೇ ಅದು. ಶೇ. 3 ದಾಟಿದರೆ ತೇಪೆ ಗಾಜಿನಂತೆ ಪೆಡಸಾಗಿ ಬಿರುಕು ಬಿಡುತ್ತದೆ.

ಹಾಕುವ ಕ್ರಮದಲ್ಲಿ ರಾಜಿಯೇ ಇಲ್ಲ. ಮೊದಲು ಆಕ್ಸಲರೇಟರ್. ಅದು ಗಾಢ ನೇರಳೆ ಬಣ್ಣದ ಕೋಬಾಲ್ಟ್ ದ್ರವ. ರೆಸಿನ್‌ನಲ್ಲಿ ಒಂದೇ ಬಣ್ಣ ಬರುವವರೆಗೆ ತಳ, ಅಂಚು ಬಿಡದೆ ಕಲಸಿ. ಆಮೇಲೆ ಹಾರ್ಡ್ನರ್. ಎರಡೂ ನೇರ ಒಂದಕ್ಕೊಂದು ತಾಗಿದರೆ ಸಿಡಿಯುತ್ತದೆ, ಬೆಂಕಿ ಹತ್ತುತ್ತದೆ. ಎರಡೂ ಬಾಟಲಿಯನ್ನು ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಡುವ ಅಂಗಡಿಯವರಿಗೆ ಇದನ್ನು ತಿಳಿಸಿ ಬೇರೆ ಬೇರೆ ಕಟ್ಟಿಸಿಕೊಳ್ಳಿ. ನೀರಿನಷ್ಟೇ ತಿಳಿಯಾದ ಹಾರ್ಡ್ನರ್ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋದೀತು. ರಕ್ಷಣಾ ಕನ್ನಡಕ ಹಾಕಿಕೊಳ್ಳದೆ ಮುಚ್ಚಳ ತೆಗೆಯಬೇಡಿ. ಕಣ್ಣಿಗೆ ಸಿಡಿದರೆ ಕಾಲು ಗಂಟೆ ಒಂದೇ ಸಮ ನೀರು ಹಾಯಿಸಿ ನೇರ ಆಸ್ಪತ್ರೆಗೆ ಹೋಗಿ. ದೋಣಿಯಲ್ಲೇ ಅಡುಗೆ ಮಾಡುವವರು ಈ ಸಾಮಾನನ್ನು ಒಲೆಯಿರುವ ಕಡೆ ಇಡಲೇಬಾರದು. ಅದರ ಜಾಗ ದಡದ ಕೊಟ್ಟಿಗೆಯ ನೆರಳು.

ತೇಪೆ ಹಾಕುವ ಮೊದಲಿನ ಕೆಲಸದ ಮೇಲೆಯೇ ಮುಕ್ಕಾಲು ಪಾಲು ನಿಂತಿದೆ. ದೋಣಿ ಮಗುಚಿ ತೂತಿನ ಸುತ್ತ ನಾಣ್ಯದಿಂದ ತಟ್ಟುತ್ತಾ ಹೋಗಿ. ಟಣ್ ಅಂದರೆ ಗಟ್ಟಿ, ದಬ್ ಅಂದರೆ ಒಳಗೆ ಪದರ ಬಿಟ್ಟಿದೆ; ದಬ್ ಅನ್ನುವಷ್ಟನ್ನೂ ಕತ್ತರಿಸಿ ತೆಗೆಯಬೇಕು. ಒಣಗಿದೆಯೇ ಎಂದು ನೋಡಲು ಒಂದಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ಕನ್ನು ನಾಲ್ಕೂ ಕಡೆ ಟೇಪು ಹಾಕಿ ಅಂಟಿಸಿ ಮರುದಿನ ನೋಡಿ. ಒಳಮೈಯಲ್ಲಿ ಹನಿ ಕಟ್ಟಿದ್ದರೆ ಇನ್ನೂ ಕಾಯಬೇಕು. ಉಜ್ಜುವ ಮೊದಲು ಅಸಿಟೋನ್‌ನಿಂದ ಒರೆಸಿ, ಉಜ್ಜಿದ ಮೇಲಲ್ಲ. ಮೇಣ, ಎಣ್ಣೆ ಇದ್ದ ಹಾಗೆಯೇ ಉಜ್ಜಿದರೆ ಅದು ಗೀರುಗಳ ಒಳಗೆ ಕೂತುಬಿಡುತ್ತದೆ. ನಾಲ್ಕಿಂಚಿನ ಗ್ರೈಂಡರಿಗೆ 40ರ ಒರಟು ಡಿಸ್ಕು ಸಾಕು. ತುಂಬುತೋಳಿನ ಅಂಗಿ, ಒಳ್ಳೆಯ ಮಾಸ್ಕು ಬೇಕೇ ಬೇಕು. ಕೆಲಸ ಮುಗಿಸಿ ತಣ್ಣೀರಿನಲ್ಲೇ ಸ್ನಾನ ಮಾಡಿ, ಬಿಸಿನೀರು ಹೊಯ್ದರೆ ಗಾಜಿನ ಪುಡಿಯ ಕಡಿತ ಹೆಚ್ಚುತ್ತದೆ.

ಪದರ ಕೂರಿಸುವಾಗ ದೊಡ್ಡ ತುಂಡು ಮೊದಲು, ಚಿಕ್ಕದು ಮೇಲೆ. ಬ್ರಶ್ಶನ್ನು ಎಳೆಯಬಾರದು, ಒತ್ತಬೇಕು. ಹತ್ತಿರದಿಂದ ನೋಡುತ್ತಿರಿ: ಹತ್ತಿಯ ಹಾಗೆ ಬೆಳ್ಳಗಿದ್ದ ಮ್ಯಾಟ್ ರೆಸಿನ್ ಕುಡಿಯುತ್ತಾ ಒಂದೊಂದೇ ಕಡೆ ಕರಗಿದಂತಾಗಿ, ಅಡಿಯ ತಳದ ಬಣ್ಣ ಎದ್ದು ಬರುತ್ತದೆ. ಬಿಳಿ ಉಳಿದ ಜಾಗವೆಲ್ಲ ಗಾಳಿ, ಅಲ್ಲಿಂದಲೇ ಮುಂದೆ ನೀರು ಬರುವುದು. ಗೀರಿರುವ ಕಬ್ಬಿಣದ ಸಣ್ಣ ರೋಲರ್ ಇದ್ದರೆ ಗಾಳಿ ಬೇಗ ಹೊರಡುತ್ತದೆ. ಕಿಟ್‌ನಲ್ಲಿ ಅದಿಲ್ಲ, ಬೇರೆಯಾಗಿ ಕೊಳ್ಳಿ. ಒಂದೇ ಸಲಕ್ಕೆ ಮೂರು ಪದರ ಸಾಕು. ಐದನ್ನೂ ಒಟ್ಟಿಗೆ ಹಾಕಿದರೆ ಒಳಗಿನ ಶಾಖಕ್ಕೆ ತೇಪೆ ಸೊಟ್ಟಗಾಗುತ್ತದೆ, ಬಣ್ಣವೂ ಕಂದುತ್ತದೆ.

ಕೊನೆಯ ಕೋಟು ಗಟ್ಟಿಯಾದ ಮೇಲೂ ಮೇಲ್ಮೈ ಅಂಟಂಟಾಗಿದ್ದರೆ ಗಾಬರಿ ಬೇಡ, ಗಾಳಿ ತಾಗುವ ಪಾಲಿಯೆಸ್ಟರಿನ ಗುಣವೇ ಅದು. ಪಾಲಿಯೆಸ್ಟರ್ ಹಾಳೆಯನ್ನು ಗುಳ್ಳೆಯಿಲ್ಲದಂತೆ ಮುಚ್ಚಿ, ಅಥವಾ ಕೊನೆಯ ಕೋಟಿಗೆ ಮೇಣದ ದ್ರಾವಣ ಬೆರೆಸಿ. ಮೇಣ ಬೆರೆಸಿದ ಕೋಟಿನ ಮೇಲೆ ಮತ್ತೆ ಏನಾದರೂ ಹಾಕುವುದಿದ್ದರೆ ಉಜ್ಜಲೇಬೇಕು. ಅದರ ಮೇಲೆ ಜೆಲ್‌ಕೋಟ್ ಅರ್ಧ ಮಿ.ಮೀ.

ಮಳೆಗಾಲದ ವಿಷಯ ಬೇರೆಯೇ. ಆರಿದ್ರಾ ಮಳೆ ಹಿಡಿದ ಮೇಲೆ ಹೊಳವಾಯಿತು ಎಂದು ಕಿಟ್ ಬಿಚ್ಚಬೇಡಿ. ಗಾಳಿಯ ಥಂಡಿಯನ್ನು ಮ್ಯಾಟ್ ಹೀರಿರುತ್ತದೆ. ಎಷ್ಟು ರೆಸಿನ್ ಹೊಯ್ದರೂ ಹಾಲಿನ ಬಿಳುಪು ಹೋಗುವುದಿಲ್ಲ. ತೀರಾ ಅನಿವಾರ್ಯವಾದರೆ ಮಾಡಿನಡಿ, ಎರಡು ದಿನ ಬಲ್ಬಿನ ಶಾಖ ಕೊಟ್ಟು ತಳ ಒಣಗಿಸಿಯೇ ಮುಟ್ಟಿ, ಬಲ್ಬನ್ನು ತೆಗೆದಿಟ್ಟ ಮೇಲೆ ರೆಸಿನ್ ತೆರೆಯಿರಿ. ಜನವರಿಯಿಂದ ಮೇ ನಡುವೆ ಈ ಕೆಲಸ ಮುಗಿಸಿಕೊಳ್ಳುವುದು ಉತ್ತಮ. ಮ್ಯಾಟನ್ನು ಬೇಸಿಗೆಯಲ್ಲೇ ಬಿಸಿಲಿಗೆ ಹಾಕಿ ಗಾಳಿಯಾಡದ ಕವರಿನಲ್ಲಿ ಕಟ್ಟಿಡಿ. ರೆಸಿನ್ ಮಾತ್ರ ಆರು ತಿಂಗಳಿಗಿಂತ ಹೆಚ್ಚು ಇಡುವ ಸಾಮಾನಲ್ಲ. ಕೊಳ್ಳುವಾಗ ತಯಾರಿಯ ತಿಂಗಳು ನೋಡಿ, ಡಬ್ಬಿ ಅಲ್ಲಾಡಿಸಿ. ಒಳಗೆ ಸರಾಗ ಹರಿಯದೆ ಉಂಡೆ ಉಂಡೆಯಾಗಿ ಹೊರಳಿದರೆ ಬೇಡ. ಜಿ.ಪಿ. (ಸಾಮಾನ್ಯ ಬಳಕೆಯ) ರೆಸಿನ್ ಬದಲು ಐಸೋ (ಐಸೋಫ್ತಾಲಿಕ್) ರೆಸಿನ್ ಕೇಳಿ ನೋಡಿ. ನೀರು ತಡೆಯುವುದರಲ್ಲಿ ಅದು ಮೇಲು, ಬೆಲೆ ಸ್ವಲ್ಪ ಜಾಸ್ತಿ.

ನೀರಿನ ಮೇಲೇ ವಾಸವಿರುವ ದೋಣಿಗೆ ಎಪಾಕ್ಸಿ ಯಾಕೆ? ಹೊಸ ಪಾಲಿಯೆಸ್ಟರ್ ಹಳೆಯ, ಗಟ್ಟಿಯಾದ ಫೈಬರಿಗೆ ಬರೀ ಗೀರಿನ ಹಿಡಿತದಲ್ಲಿ ಅಂಟಿಕೊಳ್ಳುತ್ತದೆ. ಆರುವಾಗ ಕುಗ್ಗುವುದೂ ಜಾಸ್ತಿ, ಆದ್ದರಿಂದ ಅಂಚಿನಲ್ಲೇ ಬಿಡಲು ಶುರುವಾಗುತ್ತದೆ. ಸಂಜೆ ದಡಕ್ಕೆಳೆಯುವ ದೋಣಿಯಲ್ಲಿ ಅಂಚು ಬಿಟ್ಟರೆ ಮರುದಿನವೇ ಕಣ್ಣಿಗೆ ಬೀಳುತ್ತದೆ. ಜನ ಮಲಗಿರುವ ದೋಣಿಯಲ್ಲಿ ಅದು ಗೊತ್ತಾಗುವುದು ಹಾಸಿಗೆ ಒದ್ದೆಯಾದಾಗ. ಎಪಾಕ್ಸಿ ಕುಗ್ಗುವುದು ಕಡಿಮೆ, ಹಳೆಯದಕ್ಕೆ ಹಿಡಿಯುವುದು ಬಿಗಿ, ನೀರು ತಡೆಯುವುದೂ ಹೆಚ್ಚು. ಬೆಲೆ ಎರಡು ಮೂರು ಪಟ್ಟಾದರೂ ತಳದ ಮಟ್ಟಿಗೆ ಅದು ದುಬಾರಿಯಲ್ಲ. ಪಾಲಿಯೆಸ್ಟರ್ ರೆಸಿನ್‌ನಲ್ಲಿರುವ ಸ್ಟೈರೀನ್ ಎಂಬ ದ್ರಾವಕದ ವಾಸನೆ ಮುಚ್ಚಿದ ಕ್ಯಾಬಿನ್ನಿನಲ್ಲಿ ದಿನಗಟ್ಟಲೆ ನಿಂತು ತಲೆನೋವು ತರುವುದೂ ಒಂದು ಕಾರಣ. ಅಂಥ ಕಡೆ ಪಾಲಿಯೆಸ್ಟರ್ ಹಾಕಿದ್ದರೆ ವಾಸನೆ ಪೂರ್ತಿ ಹೋಗುವವರೆಗೆ ಒಳಗೆ ಮಕ್ಕಳನ್ನು ಮಲಗಿಸಬೇಡಿ.

ಎಪಾಕ್ಸಿ ಕೊಂಡವರು ಮೂರು ಕಡೆ ಎಡವುತ್ತಾರೆ. ಕಿಟ್‌ನಲ್ಲಿ ಉಳಿದ ಮ್ಯಾಟನ್ನೇ ಬಳಸುತ್ತಾರೆ. ಅದರ ಎಳೆಗಳನ್ನು ಹಿಡಿದಿಟ್ಟ ಅಂಟು ಕರಗುವುದು ಸ್ಟೈರೀನ್‌ನಲ್ಲಿ, ಎಪಾಕ್ಸಿಯಲ್ಲಿ ಅದು ಇಲ್ಲವೇ ಇಲ್ಲ. ನೇಯ್ದ ಗಾಜಿನ ಬಟ್ಟೆಯನ್ನೇ ತರಬೇಕು. ಬೇಗ ಆರಲಿ ಎಂದು ಹಾರ್ಡ್ನರ್ ಹೆಚ್ಚಿಗೆ ಹಾಕುತ್ತಾರೆ. ಇಲ್ಲಿ ಅಳತೆ ಡಬ್ಬಿಯ ಮೇಲಿದ್ದಷ್ಟೇ, ತಕ್ಕಡಿಯಲ್ಲಿ ತೂಗಿ, ಹೆಚ್ಚಾದರೂ ಕಡಿಮೆಯಾದರೂ ಮೆತ್ತಗೇ ಉಳಿಯುತ್ತದೆ. ಇನ್ನು ಆರಿದ ಎಪಾಕ್ಸಿಯ ಮೇಲೆ, ಅದರಲ್ಲೂ ಥಂಡಿ ಹವೆಯಲ್ಲಿ, ಮೇಣದಂಥ ತೆಳು ಪೊರೆ ಕೂರುತ್ತದೆ. ಅದನ್ನು ನೀರು ಹಾಕಿ ತಿಕ್ಕಿ ತೊಳೆದು, ಉಜ್ಜಿಯೇ ಮುಂದಿನ ಕೋಟು. ಬಿಸಿಲಿಗೆ ಎಪಾಕ್ಸಿ ತಡೆಯದು, ಮೇಲೆ ಪೇಂಟ್ ಬೇಕು. ಒಮ್ಮೆ ಎಪಾಕ್ಸಿ ಹಾಕಿದ ಜಾಗಕ್ಕೆ ಮುಂದೆಯೂ ಎಪಾಕ್ಸಿಯೇ. ಅದರ ಮೇಲೆ ಪಾಲಿಯೆಸ್ಟರ್ ನಿಲ್ಲುವುದಿಲ್ಲ.

ಕಲಸಿ ಉಳಿದ ರೆಸಿನ್ ಡಬ್ಬಿಯಲ್ಲಿ ಕಾದು ಹೊಗೆಯಾಡುತ್ತದೆ. ಬಯಲಿನಲ್ಲಿ ಹಳೆ ತಗಡಿನ ಮೇಲೆ ತೆಳ್ಳಗೆ ಸುರಿದು ಗಟ್ಟಿಯಾದ ಮೇಲೆ ಕಸಕ್ಕೆ ಹಾಕಿ. ಬ್ರಶ್ಶು ತೊಳೆದ ಅಸಿಟೋನ್ ಹಿನ್ನೀರಿಗೆ ಹೋಗಬಾರದು. ಅದೇ ನೀರನ್ನು ಕುಡಿಯುವ ಊರುಗಳಿವೆ, ಮೀನು ಹಿಡಿದು ಬದುಕುವವರೂ ಇದ್ದಾರೆ.

ದೋಣಿಯಲ್ಲೇ ಇರುವವರು ದಿನಾ ಬೆಳಿಗ್ಗೆ ಹಲಗೆ ಎತ್ತಿ ತಳದ ನೀರನ್ನು ಸ್ಪಂಜಿನಿಂದ ಪೂರ್ತಿ ಒರೆಸಿ, ಸಂಜೆ ಮತ್ತೆ ನೋಡಬೇಕು. ಮಳೆಯಿಲ್ಲದ ದಿನವೂ ನೀರು ಕೂಡಿದ್ದರೆ ತಳ ಬಿಟ್ಟಿದೆ ಎಂದೇ ಅರ್ಥ. ನಡುನೀರಿನಲ್ಲಿ ಸಣ್ಣ ಬಿರುಕು ಬಿಟ್ಟರೆ ಎಂ-ಸೀಲ್ ಥರದ ಎಪಾಕ್ಸಿ ಪುಟ್ಟಿಯ ಎರಡೂ ತುಂಡನ್ನು ಒಂದೇ ಬಣ್ಣ ಬರುವವರೆಗೆ ನಾದಿ, ಬಿರುಕಿಗೆ ಒತ್ತಿ, ಗಟ್ಟಿಯಾಗುವವರೆಗೆ ಹಲಗೆ ಚೂರಿನಿಂದ ಅದುಮಿ ಹಿಡಿದರೆ ದಡ ಮುಟ್ಟಲು ಸಾಕಾಗುತ್ತದೆ. ದಡ ಮುಟ್ಟಿದ ಮೇಲೆ ಆ ಪುಟ್ಟಿಯ ಮೇಲೆಯೇ ಮ್ಯಾಟ್ ಕೂರಿಸಬೇಡಿ, ಅದನ್ನು ಪೂರ್ತಿ ಕೆತ್ತಿ ತೆಗೆದು ನಾಣ್ಯ ತಟ್ಟುವುದರಿಂದ ಶುರುಮಾಡಿ.