ಭಾಷೆ ಯಾವುದು ಅಂತ ಕೇಳಿದರೆ ‘ಹಿಂದಿ’ಗೆ ಟಿಕ್ ಹಾಕಬೇಡಿ

ಅಪ್ಪ ಅಮ್ಮನನ್ನು ಗ್ರೀನ್ ಕಾರ್ಡ್ ಮೇಲೆ ಅಮೆರಿಕಕ್ಕೆ ಕರೆಸಿಕೊಂಡಿರುವವರು ದಯವಿಟ್ಟು ಇದನ್ನು ಓದಿ. ನಾನು ಒಂದು ಫಾರ್ಮಿನಲ್ಲಿ ಹಾಕಿದ ಒಂದೇ ಒಂದು ಟಿಕ್‌ನಿಂದ 72 ವರ್ಷದ ನನ್ನ ಅಮ್ಮ ಎರಡು ತಿಂಗಳು ಆರೋಗ್ಯ ವಿಮೆಯೇ ಇಲ್ಲದೆ ಕೂರಬೇಕಾಯಿತು.

ನಾವಿರುವುದು ಕ್ಯಾಲಿಫೋರ್ನಿಯಾದಲ್ಲಿ. ಅಮ್ಮ ತಿಪಟೂರಿನವಳು, ಇಲ್ಲಿಗೆ ಬಂದು ಎಂಟು ವರ್ಷವಾಯಿತು. ಇಂಗ್ಲಿಷ್‌ನಲ್ಲಿ ಅಂಕಿಗಳು ಬರುತ್ತವೆ, ‘ಥ್ಯಾಂಕ್ಯೂ’ ಬರುತ್ತದೆ, ಅಷ್ಟೇ. ಅವಳಿಗೆ ಮೆಡಿ-ಕ್ಯಾಲ್ ಇದೆ. ಕಡಿಮೆ ಆದಾಯದವರಿಗೆ ಇರುವ ಮೆಡಿಕೇಡ್ ವಿಮೆಯನ್ನು ನಮ್ಮ ರಾಜ್ಯದಲ್ಲಿ ಹಾಗೆ ಕರೆಯುತ್ತಾರೆ. ‘ಮಗ ದುಡೀತಾನಲ್ಲ, ಸರ್ಕಾರದ ವಿಮೆ ಯಾಕೆ’ ಅಂತ ಕೇಳುವವರು ಇದ್ದೇ ಇರುತ್ತಾರೆ. ಈ ದೇಶದಲ್ಲಿ ದುಡಿಯದ ಹಿರಿಯರು ಮೆಡಿಕೇರ್, ಅಂದರೆ 65 ದಾಟಿದವರ ಸರ್ಕಾರಿ ವಿಮೆ, ಕೊಂಡುಕೊಳ್ಳಬೇಕೆಂದರೆ 2025ರಲ್ಲಿ ಆಸ್ಪತ್ರೆ ಖರ್ಚಿನ ಪಾರ್ಟ್ ಎ ಒಂದಕ್ಕೇ ತಿಂಗಳಿಗೆ 518 ಡಾಲರ್, ಡಾಕ್ಟರ ಖರ್ಚಿನ ಪಾರ್ಟ್ ಬಿಗೆ ಇನ್ನೊಂದು 185. ಲೆಕ್ಕ ಹಾಕಿಕೊಳ್ಳಿ.

ಮೆಡಿ-ಕ್ಯಾಲ್ ಅನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು. ಕಳೆದ ವರ್ಷ ಆ ಫಾರ್ಮ್ ತುಂಬುವಾಗ ‘ಯಾವ ಭಾಷೆಯಲ್ಲಿ ಮಾತಾಡಲು ಇಷ್ಟ’ ಎಂಬ ಪ್ರಶ್ನೆ ಬಂತು. ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ‘ಇತರೆ’ ಅಂತ ಒಂದು ಖಾಲಿ ಗೆರೆ ಇತ್ತು. ರಾತ್ರಿ ಹನ್ನೊಂದಾಗಿತ್ತು, ನಿದ್ದೆ ಎಳೆಯುತ್ತಿತ್ತು. ಅಮ್ಮ ಹಿಂದಿ ಸೀರಿಯಲ್ ನೋಡುತ್ತಾಳಲ್ಲ, ಹೇಗೋ ನಡೆಯುತ್ತದೆ ಅಂದುಕೊಂಡು ಹಿಂದಿಗೆ ಟಿಕ್ ಹಾಕಿ ಮಲಗಿದೆ. ಬೆಂಗಳೂರಿಗೆ ಹೋದಾಗ ಬ್ಯಾಂಕಿನಲ್ಲಿ ಯಾರಾದರೂ ‘ಹಿಂದಿ ಮೇ ಬೋಲಿಯೇ’ ಅಂದರೆ ಮ್ಯಾನೇಜರ್ ಟೇಬಲ್ ತನಕ ಜಗಳಕ್ಕೆ ಹೋಗುವವನು ನಾನು.

ಮೂರು ವಾರದ ನಂತರ ಮೆಡಿ-ಕ್ಯಾಲ್ ನೋಡಿಕೊಳ್ಳುವ ಕೌಂಟಿ (ನಮ್ಮ ಜಿಲ್ಲೆ ಇದ್ದಂತೆ) ಕಚೇರಿಯಿಂದ ಅಮ್ಮನ ಫೋನಿಗೆ ಕರೆ ಬಂತು. ನಾನು ಕೆಲಸದಲ್ಲಿದ್ದೆ. ಆ ಕಡೆ ಒಬ್ಬ ಅಧಿಕಾರಿ, ಮಧ್ಯದಲ್ಲಿ ಹಿಂದಿ ಇಂಟರ್‌ಪ್ರಿಟರ್, ಅಂದರೆ ದುಭಾಷಿ. ಸಂಜೆ ಅಮ್ಮ ಹೇಳಿದ್ದು ಇಷ್ಟು: “ಅದೇನೋ ವಿಮೆಯೋರು ಕಣೋ. ಪಾಪ, ಒಳ್ಳೆ ಹುಡುಗ. ಕೇಳಿದ್ದಕ್ಕೆಲ್ಲ ಹಾಂ ಹಾಂ ಅಂದೆ. ನಿಮ್ಮಪ್ಪನ ಪೆನ್ಷನ್ ಎಷ್ಟು ಅಂದ, ಏಯ್ಟೀನ್ ಥೌಸಂಡ್ ಅಂದೆ.” ನಾನು ಸರಿ ಬಿಡು ಅಂದೆ.

ಅಪ್ಪ ಶಾಲಾ ಮೇಷ್ಟ್ರಾಗಿದ್ದವರು. ಅವರ ಫ್ಯಾಮಿಲಿ ಪೆನ್ಷನ್ ಅಮ್ಮನಿಗೆ ತಿಂಗಳಿಗೆ ಹದಿನೆಂಟು ಸಾವಿರ ರೂಪಾಯಿ ಬರುತ್ತದೆ. ಡಾಲರಿನಲ್ಲಿ ಇನ್ನೂರು ಚಿಲ್ಲರೆ. ಇಂಟರ್‌ಪ್ರಿಟರ್ ‘ರೂಪಾಯಿ’ ಅಂತ ಹೇಳಲಿಲ್ಲ, ಅಮ್ಮನೂ ಹೇಳಿರಲಿಲ್ಲ. ಅಧಿಕಾರಿ ಕಂಪ್ಯೂಟರಿನಲ್ಲಿ ತಿಂಗಳ ಆದಾಯ 18,000 ಡಾಲರ್ ಅಂತ ಒತ್ತಿದರು. ಒಬ್ಬರೇ ಇರುವ ಹಿರಿಯರಿಗೆ ಆಗ ಇದ್ದ ಮಿತಿ ತಿಂಗಳಿಗೆ ಸುಮಾರು 1,800 ಡಾಲರ್. ಅಮ್ಮ ಒಂದೇ ಫೋನಿನಲ್ಲಿ ಕುಬೇರನ ತಂಗಿಯಾದಳು.

ವಿಮೆ ರದ್ದು ಎಂಬ ನೋಟಿಸ್ ಅಂಚೆಯಲ್ಲಿ ಬಂದಿತ್ತು. ಅದರ ಜೊತೆ ‘ನಿಮ್ಮ ಭಾಷೆಯಲ್ಲಿ ಉಚಿತ ಸಹಾಯ ಸಿಗುತ್ತದೆ’ ಅಂತ ಹತ್ತಾರು ಭಾಷೆಗಳಲ್ಲಿ ಅಚ್ಚಾದ ಹಾಳೆಯೂ ಇತ್ತು. ಅದರಲ್ಲಿ ಹಿಂದಿ, ಪಂಜಾಬಿ, ಹ್ಮಾಂಗ್, ಲಾವೋ ಎಲ್ಲ ಇವೆ, ಕನ್ನಡ ಇಲ್ಲ. ಅಮ್ಮ ಹಾಳೆ ತಿರುಗಿಸಿ ತಿರುಗಿಸಿ ನೋಡಿ, ನಮ್ಮ ಅಕ್ಷರ ಎಲ್ಲೂ ಕಾಣದೆ, ಪಿಜ್ಜಾ ಕೂಪನ್‌ಗಳ ಜೊತೆ ಡ್ರಾಯರಿಗೆ ಹಾಕಿದ್ದಾಳೆ. ನಮಗೆ ಗೊತ್ತಾಗಿದ್ದು ಔಷಧಿ ಅಂಗಡಿಯಲ್ಲಿ, ಸಕ್ಕರೆ ಕಾಯಿಲೆಯ ಮಾತ್ರೆಗೆ ಪೂರ್ತಿ ದುಡ್ಡು ಕೇಳಿದಾಗ. ಅಷ್ಟರಲ್ಲಿ ಒಂದು ರಕ್ತ ಪರೀಕ್ಷೆ, ಒಂದು ಸ್ಕ್ಯಾನ್ ಆಗಿ 1,140 ಡಾಲರ್ ಬಿಲ್ ಬಂದಿತ್ತು.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ರದ್ದಾಗುವ ದಿನಕ್ಕೆ ಮುಂಚೆಯೇ ‘ಸ್ಟೇಟ್ ಹಿಯರಿಂಗ್’ (ಕೌಂಟಿಯ ತೀರ್ಮಾನದ ಮೇಲೆ ರಾಜ್ಯದ ಮಟ್ಟದಲ್ಲಿ ನಡೆಯುವ ಮೇಲ್ಮನವಿ ವಿಚಾರಣೆ) ಕೇಳಿದರೆ ತೀರ್ಮಾನ ಬರುವ ತನಕ ವಿಮೆ ಹಾಗೇ ಮುಂದುವರಿಯುತ್ತದೆ. ಆ ದಿನ ದಾಟಿದರೂ ನೋಟಿಸ್ ತಾರೀಖಿನಿಂದ 90 ದಿನದೊಳಗೆ ಕೇಳಬಹುದು, ಆದರೆ ನಡುವಿನ ಅವಧಿಯಲ್ಲಿ ವಿಮೆ ಇರುವುದಿಲ್ಲ. ನೋಟಿಸ್ ಡ್ರಾಯರಿನಲ್ಲಿ ಮಲಗಿದ್ದರಿಂದ ನಮಗೆ ಉಳಿದಿದ್ದು ಎರಡನೆಯದು.

ಸರಿಪಡಿಸಲು ಅಮ್ಮ ಕಚೇರಿಗೆ ಹೋದಳು. ಅವತ್ತು ನಾನಿನ್ನೊಂದು ತಪ್ಪು ಮಾಡಿದೆ. ನನಗೆ ರಜೆ ಸಿಗಲಿಲ್ಲ, ಹೆಂಡತಿ ಅಮ್ಮನನ್ನೂ 13 ವರ್ಷದ ಮಗಳನ್ನೂ ಕಚೇರಿ ಬಾಗಿಲಲ್ಲಿ ಇಳಿಸಿ ಕೆಲಸಕ್ಕೆ ಹೋದಳು. ಕೌಂಟರಿನಲ್ಲಿ ‘ಇಂಗ್ಲಿಷ್ ಬರುವವರು ಯಾರಿದ್ದಾರೆ’ ಅಂದರು, ಮಗಳು ಕೈ ಎತ್ತಿದಳು. ಆದಾಯದ ಮಾತು ಮುಗಿದ ಮೇಲೆ ಮನೆಯಲ್ಲಿ ಸಹಾಯಕರು ಬೇಕೇ ಎಂಬ ಪ್ರಶ್ನೆ ಬಂದಿದೆ: ಸ್ನಾನ ನೀವೇ ಮಾಡುತ್ತೀರಾ, ಬಟ್ಟೆ ನೀವೇ ಹಾಕಿಕೊಳ್ಳುತ್ತೀರಾ, ಮೂತ್ರ ಹಿಡಿದಿಡಲು ಆಗುತ್ತದಾ. ಮೊಮ್ಮಗಳ ಬಾಯಿಂದ ಆ ಪ್ರಶ್ನೆ ಕೇಳಿ ಅಮ್ಮ “ಎಲ್ಲಾ ನಾನೇ ಮಾಡ್ಕೊತೀನಿ ಅನ್ನು ಪುಟ್ಟಿ” ಅಂದಿದ್ದಾಳೆ. ನಿಜ ಏನೆಂದರೆ ಎರಡು ವರ್ಷದಿಂದ ನನ್ನ ಹೆಂಡತಿಯೇ ಅವಳಿಗೆ ಸ್ನಾನ ಮಾಡಿಸುವುದು. ಅಜ್ಜಿ ಸುಳ್ಳು ಹೇಳುತ್ತಿದ್ದಾಳೆ ಅಂತ ಮಗಳಿಗೂ ಗೊತ್ತು. ಸರ್ಕಾರದ ಕಾಗದಕ್ಕೆ ಸುಳ್ಳು ಹೇಳಿದೆನಲ್ಲ ಅಂತ ಆ ಮಗು ರಾತ್ರಿ ಅತ್ತಿತು. ಸಹಾಯಕರ ವಿಷಯ ಅಲ್ಲಿಗೇ ಬಿತ್ತು.

ಇದು ಹೀಗೆ ಆಗಲೇಬಾರದಿತ್ತು ಅಂತ ಗೊತ್ತಾಗಿದ್ದು ಆಮೇಲೆ, ಒಬ್ಬ ಗೆಳತಿ ಹೇಳಿದಾಗ. ಅವಳು ಆಸ್ಪತ್ರೆಯೊಂದರಲ್ಲಿ ಇಂಟರ್‌ಪ್ರಿಟರ್. ಆರೋಗ್ಯಕ್ಕೆ ಸಂಬಂಧಿಸಿದ ಕೇಂದ್ರದ ದುಡ್ಡು ಪಡೆಯುವ ಕಚೇರಿಗಳು ‘ನಿಮ್ಮ ಇಂಟರ್‌ಪ್ರಿಟರನ್ನು ನೀವೇ ಕರೆತನ್ನಿ’ ಅನ್ನುವಂತಿಲ್ಲ. ಅಪಾಯದ ತುರ್ತು ಹೊತ್ತು ಬಿಟ್ಟರೆ ಮಕ್ಕಳ ಕೈಲಿ ಅನುವಾದ ಮಾಡಿಸುವಂತಿಲ್ಲ. ಒಬಾಮಾ ಕಾಲದ ಆರೋಗ್ಯ ವಿಮೆ ಕಾಯ್ದೆಯಾದ ಅಫೋರ್ಡಬಲ್ ಕೇರ್ ಆಕ್ಟ್‌ನ 1557ನೇ ಸೆಕ್ಷನ್ ಕೆಳಗಿನ ನಿಯಮಗಳಲ್ಲಿ ಇದು ಇದೆ. ಇದರ ಹಿಂದೆ 1964ರ ನಾಗರಿಕ ಹಕ್ಕುಗಳ ಕಾಯ್ದೆ ಇದೆ. ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮಕ್ಕಳ ಪರವಾಗಿ ಹೋರಾಡಿದ ಲಾವ್ ವರ್ಸಸ್ ನಿಕೋಲ್ಸ್ ಕೇಸಿನಲ್ಲಿ ಇಂಗ್ಲಿಷ್ ಬಾರದ ಮಕ್ಕಳಿಗೆ ಭಾಷೆಯ ನೆರವು ಕೊಡದಿರುವುದು ಅದೇ ಕಾಯ್ದೆಯ ಉಲ್ಲಂಘನೆ ಅಂತ ಸುಪ್ರೀಂ ಕೋರ್ಟ್ 1974ರಲ್ಲಿ ತೀರ್ಪು ಕೊಟ್ಟಿತು.

ಆಮೇಲೆ ನಾನೇ ಕಚೇರಿಗೆ ಹೋದಾಗ ಕೌಂಟರಿನಲ್ಲಿ ಒಬ್ಬರು ನನಗೆ ‘ಈಗ ಅದೆಲ್ಲ ಇಲ್ಲ, ಇಂಗ್ಲಿಷೇ ಅಧಿಕೃತ ಭಾಷೆ’ ಅಂದರು. ಅರ್ಧ ನಿಜ. ಇಂಗ್ಲಿಷ್ ಸರಿಯಾಗಿ ಬಾರದವರಿಗೂ ಸರ್ಕಾರಿ ಸೇವೆ ಸಿಗುವಂತೆ ಮಾಡಿ ಅಂತ ಕ್ಲಿಂಟನ್ 2000ನೇ ಇಸವಿಯಲ್ಲಿ ಹೊರಡಿಸಿದ್ದ 13166ನೇ ಆದೇಶವನ್ನು ಟ್ರಂಪ್ 2025ರ ಮಾರ್ಚ್ 1ರಂದು ಹಿಂಪಡೆದು, ಇಂಗ್ಲಿಷನ್ನು ಅಧಿಕೃತ ಭಾಷೆ ಎಂದು ಸಾರಿದ್ದು ಹೌದು. ಹೋಗಿದ್ದು ಅಧ್ಯಕ್ಷರ ಆದೇಶ, ಸಂಸತ್ತು ಮಾಡಿದ ಕಾಯ್ದೆಗಳಲ್ಲ. ಕ್ಯಾಲಿಫೋರ್ನಿಯಾಕ್ಕೆ 1973ರಿಂದ ತನ್ನದೇ ದ್ವಿಭಾಷಾ ಸೇವೆಯ ಕಾಯ್ದೆಯೂ ಇದೆ. ಆ ಮಾತಿಗೆ ಹೆದರಿ ವಾಪಸ್ ಬರಬೇಡಿ, ಸೂಪರ್‌ವೈಸರನ್ನು ಕೇಳಿ. ನಾನು ಕೇಳಿದೆ, ಹತ್ತು ನಿಮಿಷದಲ್ಲಿ ಧ್ವನಿ ಬದಲಾಯಿತು.

ಆದರೆ ವಲಸೆ ಇಲಾಖೆಯಲ್ಲಿ ನಿಯಮ ಬೇರೆ. 50 ದಾಟಿ 20 ವರ್ಷದಿಂದ, ಇಲ್ಲವೇ 55 ದಾಟಿ 15 ವರ್ಷದಿಂದ ಗ್ರೀನ್ ಕಾರ್ಡ್ ಇರುವವರು ಪೌರತ್ವದ ಪರೀಕ್ಷೆಯನ್ನು ಕನ್ನಡದಲ್ಲೇ ಕೊಡಬಹುದು, ಇಂಟರ್‌ಪ್ರಿಟರನ್ನು ಮಾತ್ರ ನೀವೇ ಕರೆದೊಯ್ಯಬೇಕು. ಎರಡನ್ನೂ ಕಲಸಿಕೊಂಡು ಕೈಬೀಸಿ ಹೋದರೆ ದಿನ ದಂಡ.

ಹಿಯರಿಂಗ್ ಕೇಳುವಾಗ ಕನ್ನಡ ಇಂಟರ್‌ಪ್ರಿಟರ್ ಬೇಕೆಂದೆ. ಫೋನಿನಲ್ಲಿದ್ದ ಹುಡುಗಿ “ಕೆನಡಾ? ಹಾಗಾದರೆ ಫ್ರೆಂಚಾ?” ಅಂದಳು. ನಗು ಬಂದರೂ ತಡೆದುಕೊಂಡೆ. ‘ಸೌತ್ ಇಂಡಿಯನ್ ಲಾಂಗ್ವೇಜ್’ ಅಂತ ಮೊದಲೇ ಹೇಳಿ, ಆಮೇಲೆ ಕೆ, ಎ, ಎನ್, ಎನ್, ಎ, ಡಿ, ಎ ಅಂತ ಒಂದೊಂದೇ ಅಕ್ಷರ ಬಿಡಿಸಿ. ‘ಈಗ ಕನ್ನಡದವರು ಸಿಗುತ್ತಿಲ್ಲ, ಹಿಂದಿ ಸಾಕಾ’ ಅಂತ ಮೆಲ್ಲಗೆ ಕೇಳುತ್ತಾರೆ. ಬೇಡ ಅನ್ನಿ, ಬೇರೆ ದಿನ ಸಮಯ ಗೊತ್ತುಮಾಡಿಕೊಳ್ಳಿ. ಇಂಟರ್‌ಪ್ರಿಟರ್ ಬಂದ ತಕ್ಷಣ ಅವರ ಐಡಿ ನಂಬರ್ ಬರೆದುಕೊಳ್ಳಿ. ಊರಿನ ದುಡ್ಡಿನ ಮಾತು ಬಂದಾಗಲೆಲ್ಲ ರೂಪಾಯಿ, ರೂಪಾಯಿ ಅಂತ ಅಪ್ಪ ಅಮ್ಮನಿಗೆ ಬಾಯಿಪಾಠ ಮಾಡಿಸಿ. ಅರ್ಥವಾಗದೆ ಇದ್ದಾಗ ‘ಹಾಂ’ ಅನ್ನಬಾರದು ಅಂತಲೂ ಹೇಳಿ, ಆದರೆ ನಮ್ಮ ಕಡೆಯ ಹೆಂಗಸರಿಗೆ ಆ ಅಭ್ಯಾಸ ಬಿಡಿಸುವುದು ಕಷ್ಟವೇ.

ಹಿಯರಿಂಗ್‌ಗೆ ಮುಂಚೆ ಕೌಂಟಿಯವರೇ ಕರೆ ಮಾಡಿದರು, ಈ ಸಲ ಕನ್ನಡದ ಹೆಂಗಸೊಬ್ಬರ ಜೊತೆ. “ನಮಸ್ಕಾರ ಅಮ್ಮ, ಊಟ ಆಯ್ತಾ?” ಅನ್ನುತ್ತಲೇ ಅಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತಳು. “ಹದಿನೆಂಟು ಸಾವಿರ ಅಂದ್ರಲ್ಲ, ಅದು ರೂಪಾಯಿನೋ ಡಾಲರೋ?” ಅಂತ ಅವರು ಕೇಳಿದ್ದಕ್ಕೆ ಅಮ್ಮ, “ಡಾಲರ್ ಆಗಿದ್ರೆ ನಾನ್ಯಾಕವ್ವ ಇಲ್ಲಿ ಕೂತು ನಿಮ್ಮ ಹತ್ರ ಮಾತಾಡ್ತಿದ್ದೆ?” ಅಂದಳು. ಅದನ್ನೂ ಅವರು ಇಂಗ್ಲಿಷಿಗೆ ತಿರುಗಿಸಿದರು, ಅಧಿಕಾರಿ ನಕ್ಕಿದ್ದು ಕೇಳಿಸಿತು. ರದ್ದಾದ ದಿನದಿಂದಲೇ ವಿಮೆ ವಾಪಸ್ ಬಂತು, ಬಿಲ್ಲೂ ಹೋಯಿತು. ಸ್ನಾನದ ಸಹಾಯಕ್ಕೆ ಹೊಸದಾಗಿ ಅರ್ಜಿ ಹಾಕಿದ್ದೇವೆ.

ಫೈಲಿನಲ್ಲಿ ಭಾಷೆ ಬದಲಾಯಿಸಿದ್ದೇವೆ ಅಂದಿದ್ದರು. ಕಳೆದ ವಾರ ಬಂದ ಕಾಗದದ ಮೂಲೆಯಲ್ಲಿ ಇನ್ನೂ ಹಿಂದಿ ಅಂತಲೇ ಇದೆ. ಸೋಮವಾರ ಬೆಳಗ್ಗೆ ಎಂಟಕ್ಕೆ ಲೈನ್ ತೆರೆಯುತ್ತದೆ, ಮತ್ತೆ ಅಕ್ಷರ ಬಿಡಿಸಬೇಕು.