ಲಾಗೋಸ್‌ನಲ್ಲಿ ಸಂಸಾರ: ಕಂಪನಿ ಕಾಂಪೌಂಡ್ ಒಳಗೋ, ಹೊರಗಿನ ಬಾಡಿಗೆ ಮನೆಯೋ?

ನೈಜೀರಿಯಾದಲ್ಲಿ ಕೆಲಸ ಸಿಕ್ಕಿ ಗಂಡ ಹೆಂಡತಿ ಇಬ್ಬರೂ ಹೊರಟಿದ್ದರೆ, ಅವರು ನನಗೆ ಫೋನ್ ಮಾಡಿ ಕೇಳುವ ಪ್ರಶ್ನೆ ಒಂದೇ. "ಅಕ್ಕಾ, ಕಂಪನಿ ಕೊಡೋ ಮನೇಲಿ ಇರೋದಾ, ಬಾಡಿಗೆ ದುಡ್ಡು ತಗೊಂಡು ಹೊರಗೆ ಮನೆ ಮಾಡೋದಾ?"

ಎರಡರಲ್ಲೂ ನಾವು ಇದ್ದು ನೋಡಿದ್ದೇವೆ. 2019ರ ಜೂನ್‌ನಿಂದ 2021ರ ಆಗಸ್ಟ್‌ವರೆಗೆ ಲಾಗೋಸ್‌ನ ಇಲುಪೇಜು ಬಡಾವಣೆಯಲ್ಲಿ ಕಂಪನಿಯ ಕಾಂಪೌಂಡ್, ಅಂದರೆ ಒಂದೇ ಗೋಡೆಯೊಳಗೆ ಕಂಪನಿ ಕೊಡುವ ಮನೆಗಳು. ಆಮೇಲೆ ಇದೇ ಊರಿನ ಇಕೇಜಾ ಭಾಗದ ಓಪೆಬಿಯಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್. ನಮ್ಮನೆಯವರ ಕೆಲಸ ಬದಲಾಗಲಿಲ್ಲ. ಅದೇ ಪ್ಲಾಸ್ಟಿಕ್ ಕಾರ್ಖಾನೆ, ಅದೇ ಹುದ್ದೆ, ಅದೇ ಊರು. ಹಾಗಾಗಿ ನಾನು ಇಲ್ಲಿ ಹೇಳುವ ವ್ಯತ್ಯಾಸ ಬರೀ ಮನೆಯದ್ದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೆಳಿಗ್ಗೆ ಏಳಕ್ಕೆ ಕಾರು ಹತ್ತಿ ಸಂಜೆ ಏಳಕ್ಕೆ ಬರುವವರಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಇಡೀ ದಿನ ಮನೆಯಲ್ಲಿ ಇರುವವರಿಗೆ ಮಾತ್ರ ಅಜಗಜಾಂತರ. ಆದರೆ ಈ ತೀರ್ಮಾನ ಆಗುವುದು ಕೆಲಸ ಸಿಕ್ಕವರ ಮತ್ತು ಕಂಪನಿಯವರ ನಡುವೆ. ಮನೆಯಲ್ಲಿ ಇರಬೇಕಾದವರನ್ನು ಯಾರೂ ಕೇಳುವುದಿಲ್ಲ. ನನ್ನನ್ನೂ ಕೇಳಿರಲಿಲ್ಲ.

ಕರೆಂಟ್‌ನಿಂದ ಶುರು ಮಾಡುತ್ತೇನೆ, ಯಾಕೆಂದರೆ ಲಾಗೋಸ್‌ನಲ್ಲಿ ಎಲ್ಲವೂ ಅಲ್ಲಿಂದಲೇ ಶುರುವಾಗುತ್ತದೆ. ಕಾಂಪೌಂಡ್‌ನಲ್ಲಿ ಎರಡು ದೊಡ್ಡ ಡೀಸೆಲ್ ಜನರೇಟರ್ ಇದ್ದವು. ಕರೆಂಟ್ ಹೋದರೆ ಎರಡು ಕ್ಷಣ ಫ್ಯಾನ್ ನಿಧಾನ ಆಗುತ್ತಿತ್ತು, ಅಷ್ಟೇ. ಆ ಎರಡು ವರ್ಷ ನಾನು ಒಂದು ಮೇಣದಬತ್ತಿಯನ್ನೂ ಕೊಳ್ಳಲಿಲ್ಲ. ಓಪೆಬಿಗೆ ಬಂದ ಮೇಲೆಯೇ ಲಾಗೋಸ್‌ನ ಕತ್ತಲೆ ಹೇಗಿರುತ್ತದೆ ಅಂತ ಗೊತ್ತಾಗಿದ್ದು. ನಮ್ಮ ಕಟ್ಟಡದ ಜನರೇಟರ್ ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಮಾತ್ರ. ಹಗಲಲ್ಲಿ ಲೈನಿನ ಕರೆಂಟ್ ಬಂದರೆ ಬಂತು. ಬಂದ ಕೂಡಲೇ ಬೀದಿಯ ಮಕ್ಕಳೆಲ್ಲ "ಅಪ್ ನೇಪಾ!" ಅಂತ ಒಟ್ಟಿಗೆ ಕೂಗುತ್ತಾರೆ. ನೇಪಾ ಅನ್ನುವುದು ಹಳೆಯ ವಿದ್ಯುತ್ ಮಂಡಳಿಯ ಹೆಸರು. ಮಂಡಳಿ ಹೋಗಿ, 2013ರಲ್ಲಿ ವಿತರಣೆ ಖಾಸಗಿಯವರ ಕೈಗೆ ಬಂದರೂ ಜನರ ಬಾಯಲ್ಲಿ ಹೆಸರು ಮಾತ್ರ ಉಳಿದಿದೆ. ಮೊದಲ ಸಲ ಆ ಕೂಗು ಕೇಳಿದಾಗ ಏನೋ ಗಲಾಟೆ ಅಂತ ಹೆದರಿ ಬಾಗಿಲು ಹಾಕಿಕೊಂಡಿದ್ದೆ. ಈಗ ಆ ಕೂಗು ಕಿವಿಗೆ ಬಿದ್ದರೆ ಸಾಕು, ಕೈ ತಾನೇ ನೀರಿನ ಮೋಟರ್ ಸ್ವಿಚ್ ಹತ್ತಿರ ಹೋಗುತ್ತದೆ.

ನನಗೆ ಇದು ಬರೀ ಫ್ಯಾನಿನ ಪ್ರಶ್ನೆ ಆಗಿರಲಿಲ್ಲ. ಗಂಡನ ಜೊತೆಗೆ ಬಂದವರ ಪರವಾನಗಿಯಲ್ಲಿ ಇಲ್ಲಿ ಕೆಲಸಕ್ಕೆ ಸೇರುವ ಹಾಗಿಲ್ಲ. ಹಾಗಾಗಿ ಬೆಂಗಳೂರಿನ ಒಂದು ಚಿಕ್ಕ ಆಫೀಸಿನ ಲೆಕ್ಕಪತ್ರದ ಕೆಲಸವನ್ನು ನಾನು ಇಲ್ಲಿಂದಲೇ ಮಾಡುತ್ತಿದ್ದೆ. ಇಲ್ಲಿಯ ಗಡಿಯಾರ ಭಾರತಕ್ಕಿಂತ ನಾಲ್ಕೂವರೆ ಗಂಟೆ ಹಿಂದೆ. ಅಲ್ಲಿ ಒಂಬತ್ತೂವರೆಗೆ ಆಫೀಸ್ ತೆರೆದರೆ ಇಲ್ಲಿ ಬೆಳಗಿನ ಐದು. ಐದಕ್ಕೆ ಎದ್ದು ಕೂತು, ಒಂದು ಫೈಲ್ ತೆರೆದು ಅರ್ಧ ಆಗುವಷ್ಟರಲ್ಲಿ ಆರು ಗಂಟೆ. ಕೆಳಗೆ ಜನರೇಟರ್ ಗರ್ ಅಂತ ಒಂದು ಸಲ ಕೆಮ್ಮಿ ನಿಲ್ಲುತ್ತಿತ್ತು. ಇಂಟರ್ನೆಟ್ ಡಬ್ಬಿಯ ಹಸಿರು ದೀಪ ಆರುತ್ತಿತ್ತು. ಮೂರು ತಿಂಗಳು ಹಾಗೇ ಕಳೆದು, ಕೊನೆಗೆ ಇನ್ವರ್ಟರ್ ಮತ್ತು ಎರಡು ಬ್ಯಾಟರಿ ಹಾಕಿಸಿದೆವು. ಹೊರಗೆ ಮನೆ ಮಾಡುವವರು ಸೋಫಾ ಆಮೇಲೆ ಕೊಳ್ಳಿ, ಇನ್ವರ್ಟರ್ ಮೊದಲ ವಾರವೇ ಹಾಕಿಸಿ.

ಪ್ರಿಪೇಯ್ಡ್ ಮೀಟರ್ ಬೇರೆ. ದುಡ್ಡು ಕಟ್ಟಿದರೆ ಫೋನಿಗೆ 20 ಅಂಕಿಯ ಸಂಖ್ಯೆ ಬರುತ್ತದೆ. ಅದನ್ನು ಮೆಟ್ಟಿಲ ಕೆಳಗಿನ ಮೀಟರ್‌ನಲ್ಲಿ ಒಂದೊಂದೇ ಅಂಕಿ ಒತ್ತಬೇಕು. ಒಂದು ತಪ್ಪಿದರೆ ಮತ್ತೆ ಮೊದಲಿಂದ. ಇವರು ಸಂಖ್ಯೆ ಓದುವುದು, ನಾನು ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಒತ್ತುವುದು. 2024ರ ಏಪ್ರಿಲ್‌ನಿಂದ ನಮ್ಮ ಬೀದಿಯನ್ನು ದಿನಕ್ಕೆ 20 ಗಂಟೆ ಕರೆಂಟ್ ಕೊಡಬೇಕಾದ 'ಬ್ಯಾಂಡ್ ಎ' ಪಟ್ಟಿಗೆ ಸೇರಿಸಿದರು. ಕರೆಂಟ್ ನಿಜವಾಗಿಯೂ ಸುಧಾರಿಸಿತು. ದರ ಮಾತ್ರ ಒಂದೇ ಸಲ ಮೂರು ಪಟ್ಟು ಏರಿ ಯೂನಿಟ್‌ಗೆ 225 ನೈರಾ (ಇಲ್ಲಿಯ ಹಣ) ಆಯಿತು.

ದುಡ್ಡಿನ ವಿಷಯದಲ್ಲಿ ಕಾಂಪೌಂಡೇ ಗೆಲ್ಲುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಮನೆ, ಕರೆಂಟ್, ನೀರು, ಕಾರು, ಡ್ರೈವರ್, ಕಾವಲು ಎಲ್ಲ ಕಂಪನಿಯದು. ಹೊರಗೆ ಒಂದು ವರ್ಷದ ಬಾಡಿಗೆ ಒಂದೇ ಸಲ ಎಣಿಸಬೇಕು. ಅದರ ಮೇಲೆ ಏಜೆಂಟರಿಗೆ ಶೇಕಡಾ 10, ಕಾಗದಪತ್ರ ಮಾಡುವ ವಕೀಲರಿಗೆ ಶೇಕಡಾ 10, ಠೇವಣಿ, ಕಟ್ಟಡದ ಖರ್ಚು. ಮನೆ ತೋರಿಸುವುದಕ್ಕೂ ಏಜೆಂಟರು ದುಡ್ಡು ತಗೊಳ್ಳುತ್ತಾರೆ. ಒಬ್ಬರು ಆಗಲೇ ಬೇರೆಯವರಿಗೆ ಕೊಟ್ಟಾಗಿದ್ದ ಮನೆಯನ್ನೇ ನಮಗೆ ತೋರಿಸಿ ದುಡ್ಡು ತಗೊಂಡು ಹೋದರು. ಮನೆ ಮಾಲೀಕರ ಎದುರು ಕೂತು ಮಾತಾಡುವವರೆಗೆ ಒಂದು ನೈರಾವನ್ನೂ ಮುಂಗಡ ಕೊಡಬೇಡಿ.

2023 ಬಂದಾಗಲಂತೂ ಹೊರಗಿನವರ ಲೆಕ್ಕವೆಲ್ಲ ತಲೆಕೆಳಗಾಯಿತು. ಮೇ 29ರಂದು ಹೊಸ ಅಧ್ಯಕ್ಷರು ಅಧಿಕಾರ ವಹಿಸಿಕೊಂಡು ಮಾಡಿದ ಮೊದಲ ಭಾಷಣದಲ್ಲೇ ಪೆಟ್ರೋಲ್ ಸಬ್ಸಿಡಿ ಮುಗಿಯಿತು ಅಂದರು. 200 ನೈರಾದ ಒಳಗಿದ್ದ ಲೀಟರ್ ಕೆಲವೇ ದಿನದಲ್ಲಿ 500ರ ಹತ್ತಿರ ಹೋಯಿತು. ಜೂನ್‌ನಲ್ಲಿ ನೈರಾ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟರು. ಡಾಲರ್‌ಗೆ 460ರ ಸುಮಾರಿನಲ್ಲಿದ್ದದ್ದು 2024ರ ಫೆಬ್ರವರಿ ಹೊತ್ತಿಗೆ 1,500 ದಾಟಿತು. ನಮ್ಮ ಬಾಡಿಗೆ ಭತ್ಯೆ ನೈರಾದಲ್ಲಿ ಬರೆದದ್ದು, ಅಲ್ಲೇ ನಿಂತಿತ್ತು. ಕಾಂಪೌಂಡ್‌ನ ಗೆಳತಿಯರಿಗೆ ಇದರ ಬಿಸಿ ತಟ್ಟಲೇ ಇಲ್ಲ. ಹಾಗಾಗಿ ಭತ್ಯೆ ನೈರಾದಲ್ಲಿ, ಅದೂ ಸ್ಥಿರವಾಗಿ ಬರೆದಿದ್ದರೆ ಹೊರಗೆ ಹೋಗಬೇಡಿ. ಬಾಡಿಗೆಯನ್ನು ಕಂಪನಿಯೇ ಮಾಲೀಕರಿಗೆ ಕಟ್ಟುವ ಹಾಗೆ ಬರೆಸಿಕೊಳ್ಳಿ.

ಕಾಂಪೌಂಡ್‌ನ ಋಣ ನಾನು ಮರೆತಿಲ್ಲ. 2020ರ ಮಾರ್ಚ್ 30ರ ರಾತ್ರಿ ಲಾಗೋಸ್ ಲಾಕ್‌ಡೌನ್ ಆಯಿತು. ಐದು ವಾರ ನಾವು ಹದಿನಾಲ್ಕು ಸಂಸಾರ ಒಂದೇ ಮನೆಯವರ ಹಾಗೆ ಇದ್ದೆವು. ಅದೇ ವರ್ಷ ಅಕ್ಟೋಬರ್‌ನಲ್ಲಿ ಪೊಲೀಸ್ ದೌರ್ಜನ್ಯದ ವಿರುದ್ಧ ಯುವಕರ ಪ್ರತಿಭಟನೆ ನಡೆದು, ಲೆಕ್ಕಿ ಟೋಲ್‌ಗೇಟ್‌ನಲ್ಲಿ ಗುಂಡು ಹಾರಿತು. ಊರಿಗೆ ಕರ್ಫ್ಯೂ ಬಿತ್ತು. ಗದಗದಿಂದ ಅವ್ವ ಗಂಟೆಗೊಮ್ಮೆ ಫೋನ್ ಮಾಡಿ "ಬಾಗಿಲಾ ಹಾಕ್ಕೊಂಡೀರಿಲ್ಲ?" ಅನ್ನುತ್ತಿದ್ದಳು. ಗೋಡೆ, ತಂತಿ, ಗೇಟಿನಲ್ಲಿ ಬಂದೂಕಿನ ಕಾವಲು ಇವೆಲ್ಲ ಇದ್ದದ್ದರಿಂದ ಅವಳಿಗೆ ಧೈರ್ಯ ಹೇಳಲು ಸಾಧ್ಯವಾಯಿತು. ಮಲೇರಿಯಾ ಬಂದಾಗ ರಾತ್ರಿ ಹನ್ನೊಂದಕ್ಕೆ ನರ್ಸ್ ಮನೆಗೇ ಬಂದು ರಕ್ತ ತಗೊಂಡು ಹೋದರು. ಮಕ್ಕಳಿದ್ದರೆ ಇನ್ನೊಂದು ಅನುಕೂಲ. ಭಾರತೀಯರ ಶಾಲೆ ಇಲುಪೇಜುವಿನಲ್ಲೇ ಇದೆ.

ಆದರೆ ಕಾಂಪೌಂಡ್‌ನಲ್ಲಿ ಆಫೀಸ್ ಸಂಜೆ ಆರಕ್ಕೆ ಮುಗಿಯುವುದಿಲ್ಲ. ಮೇಲಿನ ಮಹಡಿಯಲ್ಲಿ ಇವರ ಮೇಲಧಿಕಾರಿಯ ಸಂಸಾರ. ರಾತ್ರಿ ಒಂಬತ್ತಕ್ಕೆ ಬಾಗಿಲು ತಟ್ಟಿ "ಆ ಮೋಲ್ಡ್ ಏನಾಯ್ತು?" ಅಂತ ಕೇಳುವುದು ಮಾಮೂಲು. ಗಂಡಂದಿರ ಹುದ್ದೆಯ ಸಾಲಿನಲ್ಲೇ ಹೆಂಗಸರೂ ಕೂರಬೇಕು. ಕಿಟ್ಟಿ ಪಾರ್ಟಿಗೆ ಒಂದು ಸಲ ಹೋಗದಿದ್ದರೆ ಮಾರನೇ ದಿನ ಕಾರ್ಖಾನೆಯಲ್ಲಿ ಇವರಿಗೆ ಪ್ರಶ್ನೆ. ಭಾನುವಾರ ಕ್ರಿಕೆಟ್, ಗಣಪತಿ ಹಬ್ಬ, ದೀಪಾವಳಿ ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ಆದರೂ ಎರಡು ವರ್ಷ ಕಳೆದ ಮೇಲೆ ಒಂದು ದಿನ ಲೆಕ್ಕ ಹಾಕಿದೆ. ಡ್ರೈವರ್ ಮತ್ತು ಅಂಗಡಿಯವರನ್ನು ಬಿಟ್ಟರೆ ನಾನು ಒಬ್ಬ ನೈಜೀರಿಯಾದವರ ಜೊತೆಗೂ ಹತ್ತು ನಿಮಿಷ ಕೂತು ಮಾತಾಡಿರಲಿಲ್ಲ. ಅವರ ದೇಶದಲ್ಲಿದ್ದುಕೊಂಡು! ಹೊರಗೆ ಹೋಗೋಣ ಅಂತ ನಾನು ಹಠ ಹಿಡಿದದ್ದು ಅವತ್ತೇ.

ಓಪೆಬಿಯಲ್ಲಿ ಮೊದಲು ಕಲಿತದ್ದು ನಮಸ್ಕಾರ ಹೇಳುವುದನ್ನು. ಮೊದಲ ವಾರ ಎದುರು ಮನೆಯ ಹಿರಿಯಾಕೆ ಮೆಟ್ಟಿಲ ಮೇಲೆ ಸಿಕ್ಕಾಗ ನಾನು ಸುಮ್ನೆ ನಕ್ಕು ಮುಂದೆ ಹೋಗುತ್ತಿದ್ದೆ. ನಾಲ್ಕನೇ ದಿನ ಅವರೇ ತಡೆದು ನಿಲ್ಲಿಸಿದರು. "ಮಗಳೇ, ನನ್ನ ಮೇಲೆ ಏನಾದರೂ ಸಿಟ್ಟಾ?" ಈ ಕಡೆಯ ಯೊರುಬಾ ಜನರಲ್ಲಿ ಕಿರಿಯರು ಮೊದಲು ನಮಸ್ಕಾರ ಹೇಳಬೇಕು. ಹೇಳದಿದ್ದರೆ ಅದು ಜಗಳವೇ. ಹೆಣ್ಣುಮಕ್ಕಳು ಮಂಡಿ ಊರುತ್ತಾರೆ, ಗಂಡುಮಕ್ಕಳು ನೆಲ ಮುಟ್ಟುವಂತೆ ಬಾಗುತ್ತಾರೆ. ನಮ್ಮೂರಿನಲ್ಲಿ ಹಿರಿಯರ ಕಾಲು ಮುಟ್ಟುವ ಹಾಗೆಯೇ ಅಲ್ವಾ? ಅವತ್ತಿಂದ "ಎ ಕಾರೋ ಮಾ" (ಶುಭೋದಯ ಅಮ್ಮಾ) ಅನ್ನದೆ ನಾನು ಮೆಟ್ಟಿಲು ಇಳಿದಿಲ್ಲ. ಕಾಂಪೌಂಡ್‌ನಲ್ಲಿ ಎಲ್ಲರಿಗೂ ನಾನು 'ಮೇಡಂ' ಆಗಿದ್ದೆ. ಇಲ್ಲಿ ಬೀದಿಯ ಮಕ್ಕಳಿಗೆಲ್ಲ 'ಆಂಟಿ' ಆದೆ.

2023ರ ಫೆಬ್ರವರಿಯಲ್ಲಿ ಹಳೆ ನೋಟು ವಾಪಸ್ ಪಡೆದು, ಹೊಸ ನೋಟು ಸಿಗದೆ, ಕೈಯಲ್ಲಿ ನಗದೇ ಇಲ್ಲದ ವಾರಗಳು ಬಂದವು. ಬ್ಯಾಂಕ್ ಎದುರು ಉದ್ದುದ್ದ ಸಾಲು. ಮೊಬೈಲ್‌ನಿಂದ ಕಳಿಸಿದ ದುಡ್ಡೂ ದಾರಿಯಲ್ಲೇ ನಿಲ್ಲುತ್ತಿತ್ತು. ಆಗ ತರಕಾರಿಯಾಕೆ ಟೊಮೆಟೊ, ಈರುಳ್ಳಿ ಕಟ್ಟಿಕೊಟ್ಟು, ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದುಕೊಳ್ಳುತ್ತಿದ್ದರು. ಹನ್ನೊಂದು ಗೆರೆ ಆಗಿತ್ತು ನನ್ನ ಲೆಕ್ಕ. ಕಾಂಪೌಂಡ್‌ನವರಿಗೆ ಆಫೀಸಿನಿಂದ ನೋಟಿನ ಕಟ್ಟೇ ಬಂತಂತೆ. ನನಗೆ ಆ ಹನ್ನೊಂದು ಗೆರೆಯೇ ಹೆಚ್ಚು.

ಅದೇ ಹಿರಿಯಾಕೆ ತಮ್ಮ ಮೊಮ್ಮಗುವಿನ ನಾಮಕರಣಕ್ಕೆ ಕರೆದರು. ಅವರಲ್ಲಿ ಎಂಟನೇ ದಿನಕ್ಕೆ. ಜೇನು, ಉಪ್ಪು, ನೀರು ಒಂದೊಂದಾಗಿ ಮಗುವಿನ ತುಟಿಗೆ ಮುಟ್ಟಿಸಿ ಹರಸುತ್ತಾರೆ. ಹತ್ತಿರದವರೆಲ್ಲ ಒಂದೇ ಬಟ್ಟೆಯಲ್ಲಿ ಹೊಲಿಸಿಕೊಳ್ಳುವ ಪದ್ಧತಿಗೆ 'ಆಶೋ ಎಬಿ' ಅನ್ನುತ್ತಾರೆ. ನಮಗೂ ಅಂಕಾರಾ ಅನ್ನುವ ಅಚ್ಚಿನ ನೀಲಿ ಬಟ್ಟೆ ಕಳಿಸಿದ್ದರು. ನಾನು ಅದನ್ನು ಲಂಗದ ಹಾಗೆ ಹೊಲಿಸಿಕೊಂಡೆ, ಇವರು ಅಂಗಿ. ಆ ಅಂಗಳದಲ್ಲಿ ನಾವು ಯಾರ ಕಣ್ಣಿಗೂ ಪರದೇಶದವರ ಹಾಗೆ ಕಾಣಲಿಲ್ಲ ಅನ್ನಿಸಿತು.

ಅಡುಗೆಮನೆಯ ವಿಷಯಕ್ಕೆ ಬಂದರೆ ಎರಡಕ್ಕೂ ಅದರದೇ ಆದ ಗೆಲುವಿದೆ. ಕಾಂಪೌಂಡ್‌ನಲ್ಲಿ ಬೇಳೆ, ಗೋಧಿ ಹಿಟ್ಟು, ಹುಣಸೆಹಣ್ಣು ಎಲ್ಲ ಭಾರತೀಯ ಅಂಗಡಿಯಿಂದ ಒಟ್ಟಿಗೆ ಬರುತ್ತಿತ್ತು. ಮನೆ ಊಟಕ್ಕೆ ಏನೂ ಕೊರತೆ ಇರಲಿಲ್ಲ, ಒಂದು ಬಿಟ್ಟು. ಜೋಳದ ರೊಟ್ಟಿ. ಗದಗದವಳಿಗೆ ರೊಟ್ಟಿ ಇಲ್ಲದ ಎರಡು ವರ್ಷ ಅಂದರೆ ಅದು ಸಣ್ಣ ಮಾತಲ್ಲ. ರಜೆಗೆ ಹೋದಾಗ ತಂದ ಖಡಕ್ ರೊಟ್ಟಿ ಮುರಿದು ಮುರಿದು ತಿನ್ನುತ್ತಿದ್ದೆವು.

ಓಪೆಬಿಯ ನಮ್ಮ ಗೇಟ್ ಕಾಯುವವರು ಉತ್ತರದ ಕಾನೋ ಕಡೆಯ, ಹೌಸಾ ಜನಾಂಗದ ಹಿರಿಯರು. ಒಂದು ಮಧ್ಯಾಹ್ನ ಅವರು ಊಟ ಮಾಡುತ್ತಿದ್ದುದು ಕಣ್ಣಿಗೆ ಬಿತ್ತು. ತಟ್ಟೆಯಲ್ಲಿ ದುಂಡಗೆ ಮುದ್ದೆ, ಪಕ್ಕದಲ್ಲಿ ಸೊಪ್ಪಿನ ಸಾರು. ಏನು ಅಂತ ಕೇಳಿದೆ. "ತುವೋ, ಮೇಡಂ. ದಾವಾದ್ದು." ಕಾಳು ತೋರಿಸಿ ಅಂದೆ. ಅವರು ಕೋಣೆಯಿಂದ ಒಂದು ಹಿಡಿ ತಂದು ನನ್ನ ಅಂಗೈಗೆ ಸುರಿದರು. ಜೋಳ! ಇಲ್ಲಿಯ ಇಂಗ್ಲಿಷ್‌ನಲ್ಲಿ ಎಲ್ಲರೂ ಗಿನಿ ಕಾರ್ನ್ ಅನ್ನುವುದು ಇದನ್ನೇ. ಜಗತ್ತಿನಲ್ಲಿ ಜಾಸ್ತಿ ಜೋಳ ಬೆಳೆಯುವ ದೇಶಗಳಲ್ಲಿ ನೈಜೀರಿಯಾ ಒಂದು. ಅದರ ನಡುವೆ ಕೂತು ನಾನು ಎರಡು ವರ್ಷ ರೊಟ್ಟಿಗೆ ಬಾಯಿ ಬಿಟ್ಟಿದ್ದೆ.

ಪೇಟೆಯಲ್ಲಿ ಸಿಕ್ಕ ಹಿಟ್ಟಿನಿಂದ ಮೊದಲ ರೊಟ್ಟಿ ಬರಲಿಲ್ಲ. ಹಳೆಯ ಹಿಟ್ಟು, ಜಿಗಿ ಇಲ್ಲ. ಬಡಿಯುವಾಗಲೇ ಅಂಚು ಸೀಳುತ್ತಿತ್ತು. ಆಮೇಲೆ ಮೈಲ್ 12 ಮಾರುಕಟ್ಟೆಗೆ ಹೋಗಿ ಬಿಳಿಯ ಕಾಳೇ ತಂದೆ. ಉತ್ತರದಿಂದ ಬರುವ ಕಾಳು, ತರಕಾರಿ ಬಹಳಷ್ಟು ಅಲ್ಲಿ ಇಳಿಯುತ್ತದೆ. ಆರಿಸಿ, ಬೀಸುವ ಗಿರಣಿಯಲ್ಲಿ ನಿಂತು ನುಣ್ಣಗೆ ಹಾಕಿಸಿಕೊಂಡು ಬಂದೆ. ಎಸರು ಕುದಿಸಿ, ಹಿಟ್ಟು ನಾದಿ ಬಡಿದೆ. ಹಂಚಿನ ಮೇಲೆ ಅದು ಉಬ್ಬಿದಾಗ ಇವರು ಅಡುಗೆಮನೆ ಬಾಗಿಲಲ್ಲಿ ಸುಮ್ಮನೆ ನಿಂತಿದ್ದರು. ಮೊದಲ ಎರಡು ರೊಟ್ಟಿ, ಬದನೆಕಾಯಿ ಪಲ್ಯ ಗೇಟಿಗೆ ಹೋಯಿತು.

ಆಮೇಲೆ ಒಂದೊಂದಾಗಿ ನಮ್ಮ ಅಡುಗೆಯ ನೆಂಟರೆಲ್ಲ ಸಿಕ್ಕರು. ಶನಿವಾರ ಬೆಳಿಗ್ಗೆ ಮೂಲೆಯಲ್ಲಿ ಕರಿಯುವ ಅಕಾರಾ ಅಂದರೆ ಅಲಸಂದೆ ಕಾಳಿನ ವಡೆಯೇ. ಎಫೋ ತೆತೆ ನಮ್ಮ ಹರಿವೆ ಸೊಪ್ಪಿನ ಬಳಗ. ಕೆಂಪಗಿನ ಝೋಬೋ ಪಾನಕ ಪುಂಡಿಯ ಜಾತಿಯ ಗಿಡದಿಂದ ಬರುತ್ತದೆ. ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಇಲ್ಲಿ ಒಣ ಸೀಗಡಿ ಪುಡಿಯನ್ನು ಸಾರಿಗೆ, ಕೆಲವು ಸಲ ಅಕಾರಾಗೂ ಹಾಕುತ್ತಾರೆ. ಅದಕ್ಕೆ ಕ್ರೇಫಿಶ್ ಅನ್ನುತ್ತಾರೆ. ಆ ಹೆಸರು ಹೇಳಿಯೇ ಕೇಳಿ. ಬರೀ 'ಮಾಂಸ ಇದೆಯಾ' ಅಂದರೆ ಇಲ್ಲ ಅಂತಲೇ ಉತ್ತರ ಬರುತ್ತದೆ.

ನಮ್ಮನೆಯವರಿಗೆ ಹೊರಗಿನ ಮನೆಯಿಂದ ಆದ ನಷ್ಟ ಅಂದರೆ ಓಡಾಟ. ಕಾಂಪೌಂಡ್‌ನಿಂದ ಕಾರ್ಖಾನೆಗೆ ಹತ್ತು ನಿಮಿಷ. ಓಪೆಬಿಯಿಂದ ಭಾನುವಾರವಾದರೆ ಅರ್ಧ ಗಂಟೆ, ಮಳೆ ಬಂದ ಶುಕ್ರವಾರ ಎರಡು ಗಂಟೆ. ಇಲ್ಲಿಯವರು ಅದಕ್ಕೆ ಗೋ ಸ್ಲೋ ಅನ್ನುತ್ತಾರೆ. ನಮ್ಮ ಡ್ರೈವರ್ ಇಕೊರೊಡುವಿನಿಂದ ಬರಲು ಬೆಳಿಗ್ಗೆ ನಾಲ್ಕೂವರೆಗೆ ಮನೆ ಬಿಡುತ್ತಾರೆ. ಆ ಮನುಷ್ಯ ತಡ ಮಾಡಿ ಬಂದಾಗ ಸಿಟ್ಟು ಮಾಡುವ ಮೊದಲು ಅದನ್ನು ನೆನೆಯಬೇಕು.

ಕೇಳುವವರಿಗೆ ನಾನು ಹೇಳುವುದು ಇಷ್ಟು. ಮೊದಲ ವರ್ಷ ಕಾಂಪೌಂಡ್‌ನಲ್ಲೇ ಇರಿ. ಊರು ಗೊತ್ತಿಲ್ಲದೆ ಹೊರಗೆ ಮನೆ ಹಿಡಿಯುವುದು ಬೇಡ. ಚಿಕ್ಕ ಮಕ್ಕಳಿದ್ದರೆ, ಅಥವಾ ಉಳಿತಾಯಕ್ಕೇ ಬಂದಿದ್ದರೆ ಅಲ್ಲೇ ಮುಂದುವರಿಸಿ, ಅದು ತಪ್ಪಲ್ಲ. ಇಬ್ಬರೇ ಇದ್ದು, ಮನೆಯಲ್ಲಿ ಇರುವವರಿಗೆ ಆ ಗೋಡೆಯೊಳಗೆ ಉಸಿರು ಕಟ್ಟುತ್ತಿದ್ದರೆ ಹೊರಗೆ ಬನ್ನಿ.

ಹೋದ ವರ್ಷ ಮಾಲೀಕರು ಬಾಡಿಗೆ ಏರಿಸಿದಾಗ ಕಂಪನಿಯವರು ವಾಪಸ್ ಬನ್ನಿ, ಮನೆ ಖಾಲಿ ಇದೆ ಅಂದರು. ಇವರು ಒಂದು ಕಾಗದದಲ್ಲಿ ಖರ್ಚೆಲ್ಲ ಬರೆದು ನನ್ನ ಮುಂದಿಟ್ಟರು. ಲೆಕ್ಕದ ಪ್ರಕಾರ ಹೋಗಬೇಕಿತ್ತು. "ನೀನೇ ಹೇಳು" ಅಂದರು. ಇನ್ನೊಂದು ವರ್ಷದ ಬಾಡಿಗೆ ಕಟ್ಟಿದೆವು. ಆ ತಿಂಗಳೇ ಗೇಟಿನ ಹಿರಿಯರು ರಜೆ ಮುಗಿಸಿ ಕಾನೋದಿಂದ ಬಂದರು. ಹೆಗಲ ಮೇಲೆ ಅರ್ಧ ಚೀಲ ಬಿಳಿ ದಾವಾ, ನಮಗೇ ಅಂತ.