ನೆಟ್‌ವರ್ಕ್‌ಎಕ್ಸ್: ರೋಗ ಹಬ್ಬಿಸುವ ಊರು ಹುಡುಕಲು ಸಾಕೇ?

ಮಂಡ್ಯದ ಸಂತೆಗಳಲ್ಲಿ ಕೈಬದಲಾದ ದನಗಳ ಲೆಕ್ಕ ಇದ್ದು, ಕಾಲುಬಾಯಿ ಜ್ವರದ ಲಸಿಕೆ ಮೊದಲು ಯಾವ ಊರಿಗೆ ಎಂದು ತಿಳಿಯಬೇಕಿದ್ದರೆ ಜಾಲಗಳನ್ನು ವಿಶ್ಲೇಷಿಸುವ ಈ ಉಚಿತ ಪೈಥಾನ್ ಲೈಬ್ರರಿ ಧಾರಾಳ ಸಾಕು. ಇಲ್ಲಿ ಊರು ಜಾಲದ ಬಿಂದು (ನೋಡ್), ಮಾರಾಟ ಎರಡು ಬಿಂದು ಸೇರಿಸುವ ಗೆರೆ (ಎಡ್ಜ್). ಹೆಚ್ಚು ಸಂಪರ್ಕವಿರುವ ಊರೇ ಅಪಾಯಕಾರಿ ಎನ್ನುವಂತಿಲ್ಲ. ಜಾಲದ ಒತ್ತಾಗಿ ಹೆಣೆದ ತಿರುಳಿನಲ್ಲಿರುವುದು ಮುಖ್ಯವೆಂದು 2010ರಲ್ಲೇ ಸಂಶೋಧಕ ಕಿಟ್ಸಾಕ್ ಅವರ ತಂಡ ತೋರಿಸಿತ್ತು. ಊರು ಎಷ್ಟು ಒಳತಿರುಳಿನಲ್ಲಿದೆ ಎಂದು ಲೆಕ್ಕಹಾಕಲು ಲೈಬ್ರರಿಯಲ್ಲಿ ‘ಕೋರ್ ನಂಬರ್’ ಇದೆ. ಊರೊಳಗಿನ ಮಾರಾಟ ಸೆಲ್ಫ್-ಲೂಪ್ (ಊರಿನಿಂದ ಅದೇ ಊರಿಗೆ ಮರಳುವ ಗೆರೆ) ಆಗಿ ಉಳಿದಿದ್ದರೆ ಅದು ಎರರ್ ಕೊಟ್ಟು ನಿಲ್ಲುತ್ತದೆ, ಮೊದಲೇ ಕಿತ್ತುಹಾಕಿ. ದಿಕ್ಕಿನ ಗೊಡವೆಯೂ ಇದಕ್ಕಿಲ್ಲ: ಕೊಂಡದ್ದು, ಮಾರಿದ್ದು ಎರಡನ್ನೂ ಕೂಡಿಸಿಬಿಡುತ್ತದೆ. ಒಂದೇ ತಿರುಳಿನ ಊರುಗಳು ಹೆಚ್ಚಾಗಿ ಪರಸ್ಪರ ನಂಟಿನವೇ ಆದ್ದರಿಂದ, ಹತ್ತು ಊರು ಆರಿಸುವಾಗ ‘ವೋಟ್‌ರ‍್ಯಾಂಕ್’ ಮೇಲು. ನಂಟಿನ ಊರುಗಳು ಒಂದಕ್ಕೊಂದು ಮತ ಹಾಕುವ ಈ ವಿಧಾನ, ಆಯ್ಕೆಯಾದ ಊರಿನ ನೆರೆಯವರ ಮತಬಲವನ್ನು ತಗ್ಗಿಸುತ್ತದೆ; ಹಾಗಾಗಿ ಆಯ್ಕೆ ಒಂದೇ ಕಡೆ ಗುಂಪಾಗುವುದು ಕಡಿಮೆ. ಬಿಟ್ವೀನ್‌ನೆಸ್ (ಊರುಗಳ ನಡುವಿನ ಅತಿ ಹತ್ತಿರದ ದಾರಿಗಳಲ್ಲಿ ಎಷ್ಟು ಈ ಊರಿನ ಮೂಲಕ ಹಾಯುತ್ತವೆ ಎಂಬ ಅಳತೆ) ಮಾತ್ರ ದೊಡ್ಡ ಜಾಲದಲ್ಲಿ ಆಮೆನಡಿಗೆ. ‘ಕೆ’ (ಎಷ್ಟು ಊರುಗಳ ಸ್ಯಾಂಪಲ್ ಸಾಕೆಂಬ ಸಂಖ್ಯೆ) ಕೊಟ್ಟು ಅಂದಾಜು ಲೆಕ್ಕ ಮಾಡಿಸಿ.